ನಾಲ್ಕೆಸಳಿನ ಹೂ

ಆ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟರು ಎಂದರೆ ಊಟಕ್ಕಿಲ್ಲದ ಉಪ್ಪಿನಕಾಯಿ. ವಾರಕ್ಕೆ ತರಗತಿಗೊಂದರಂತೆ ಇದ್ದ ಅವರ ಪೀರಿಯಡ್ಡುಗಳನ್ನು ಲೆಕ್ಕದ ಮೇಷ್ಟ್ರು ಪರೀಕ್ಷೆ ಹತ್ತಿರ ಬಂತೆಂದು ಕಸಿದುಕೊಳ್ಳುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಮಕ್ಕಳ ತಪ್ಪು ತಿದ್ದಿಸಬೇಕೆಂದು ಕಸಿದುಕೊಳ್ಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಫ್ಯಾನಿನ ಗಾಳಿ ತಲುಪದ ಮೂಲೆಯ ಕುರ್ಚಿ ಅವರದು. ಅವರು ಕೆಲಸಕ್ಕೆ ಸೇರಿದ ವರ್ಷ ಅಂಗಳದಲ್ಲಿ ನೆಟ್ಟಿದ್ದ ಸಸಿ ಮರವಾಗಿ ಬೆಳೆದು, ಕೊಂಬೆ ಗೋಡೆಗೆ ತಾಗುತ್ತದೆಂದು ಅದನ್ನು ಕಡಿಸಿಯೂ ಆಗಿತ್ತು. ಮಾಸ್ಟರು ಮಾತ್ರ ಇನ್ನೂ ತಾತ್ಕಾಲಿಕ.

ಮದುವೆಯ ಗೋಜಿಗೆ ಹೋಗದ ಮಾಸ್ಟರು ಇದ್ದದ್ದು ಅಕ್ಕನ ಮನೆಯಲ್ಲಿ. ಭಾವ ಲಾರಿ ಡ್ರೈವರ್, ತನ್ನ ಮನೆಗೆ ತಾನೇ ನೆಂಟನ ಹಾಗೆ ಬಂದು ಹೋಗುವವನು. ಅಕ್ಕ ಹೊಲಿಗೆ ಮಿಷಿನ್ನಿನ ಮುಂದೆ ಕೂತು, ಬೀದಿಯವರೆಲ್ಲರ ಪ್ಯಾಂಟಿನ ಉದ್ದ ಕಡಿಮೆ ಮಾಡಿ, ಸೊಂಟ ಬಿಚ್ಚಿ ಹೊಲಿದು, ಜಿಪ್ಪು ಬದಲಿಸಿ, ತನ್ನ ಬೆನ್ನನ್ನು ಬಿಲ್ಲಿನಂತೆ ಬಾಗಿಸಿಕೊಂಡಿದ್ದಳು. ಅವಳಿಗಿದ್ದದ್ದು ಒಂದೇ ಆಸೆ: ಮಗಳು ಆ ಮಿಷಿನ್ನಿನ ಮುಂದೆ ಕೂರಬಾರದು. ಮಗಳು ತಮ್ಮನ ಶಾಲೆಯಲ್ಲೇ ನಾಲ್ಕನೇ ತರಗತಿ. ಎಚ್ಚರವಿರುವಾಗ ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲವಾದ್ದರಿಂದ ಮನೆಯಲ್ಲಿ ಅವಳ ಹೆಸರು ಚಿನಕುರುಳಿ. ಲೆಕ್ಕವೆಂದರೆ ಅವಳಿಗೆ ಪ್ರಾಣ. ಅಮ್ಮನ ಟೇಪನ್ನು ಕೊರಳಿಗೆ ಹಾಕಿಕೊಂಡು, ಈ ವಾರ ಕತ್ತರಿಸಿ ಬಿಸಾಕಿದ ಚೂರುಗಳನ್ನೆಲ್ಲ ಕೂಡಿಸಿದರೆ ಮಾಮನಿಗೆ ಒಂದು ಚಡ್ಡಿಯಾಗುತ್ತದೆ, ಆದರೆ ಮಾಮ ಹೊಟ್ಟೆ ಒಳಗೆಳೆದುಕೊಳ್ಳಬೇಕಾಗುತ್ತದೆ ಎಂದು ನಿಂತಲ್ಲೇ ಲೆಕ್ಕ ಒಪ್ಪಿಸುತ್ತಿದ್ದಳು. ಮಾಸ್ಟರಿಗೆ ಆ ಸೊಸೆಯ ಮೇಲೆ ಜೀವ. ಅವಳೊಬ್ಬಳೇ ಆ ಊರಿನಲ್ಲಿ ಅವರ ಚಿತ್ರಗಳನ್ನು ಕೇಳಿ ನೋಡುವವಳು.

ಹೀಗಿರುವಾಗ ಶಾಲೆಯ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲೂ ದೊಡ್ಡ ಮೇಡಂ, ಯಾವುದೋ ತರಬೇತಿ ಶಿಬಿರಕ್ಕೆ ಹೋಗಿ ಬಂದರು. ಶಿಬಿರಕ್ಕೆ ಹೋದವರು ಬರಿಗೈಲಿ ಬರುವುದಿಲ್ಲ. ನೆಗಡಿ ಹಚ್ಚಿಕೊಂಡು ಬಂದವರಂತೆ ಮನೆಮಂದಿಗೆಲ್ಲ ಹಂಚಿಯೇ ತೀರುತ್ತಾರೆ. ಅಂಕವೆಂಬುದು ಮಕ್ಕಳ ಎದೆಗೆ ಚುಚ್ಚುವ ಮುಳ್ಳೆಂದು ಅವರಿಗೆ ಅಲ್ಲಿ ಜ್ಞಾನೋದಯವಾಗಿತ್ತು. ಆದ್ದರಿಂದ ಇನ್ನು ಮುಂದೆ ಪ್ರಗತಿಪತ್ರದಲ್ಲಿ ಸಂಖ್ಯೆ ಕೂಡದು, ಚಿಹ್ನೆಗಳು ಮಾತ್ರ. ಬೀಜ, ಮೊಳಕೆ, ಎಲೆ, ಮೊಗ್ಗು, ಹೂ.

"ಹೂ ಹೆಚ್ಚು, ಬೀಜ ಕಡಿಮೆ ಅಂತ ಯಾರಾದ್ರೂ ಹೇಳೋಕಾಗುತ್ತಾ? ಬೀಜ ಇಲ್ದೆ ಹೂ ಎಲ್ಲಿಂದ ಬರುತ್ತೆ?" ಎಂದು ಅವರು ಪೋಷಕರ ಸಭೆಯಲ್ಲಿ ಕೇಳಿದರು. ಪೋಷಕರು ತಲೆದೂಗಿದರು, ಚಪ್ಪಾಳೆ ತಟ್ಟಿದರು, ಒಂದಿಬ್ಬರು ಕಣ್ಣೊರೆಸಿಕೊಂಡರು. ಗೇಟು ದಾಟುವುದೇ ತಡ, "ಬೀಜ ಅಂದ್ರೆ ಫೇಲು ತಾನೆ?" ಎಂದು ಒಬ್ಬರ ಕಿವಿಯಲ್ಲೊಬ್ಬರು ಕೇಳಿಕೊಂಡರು. ಅವರ ನಡುವೆ ಒಬ್ಬ ಆಡಿಟರ್ ಇದ್ದರು, ಎರಡನೇ ತರಗತಿಯ ಹುಡುಗಿಯ ಅಪ್ಪ. ಮನೆ ಮುಟ್ಟುವುದರೊಳಗೆ ಆ ಮಹಾಶಯರು ಮೊಳಕೆಗೆ ಎಷ್ಟು ಅಂಕ, ಮೊಗ್ಗಿಗೆ ಎಷ್ಟು ಎಂದು ಕೋಷ್ಟಕ ಮಾಡಿ ಎಲ್ಲರ ಫೋನಿಗೂ ಕಳಿಸಿಯಾಗಿತ್ತು. ತಿಂಗಳು ಕಳೆಯುವ ಮುನ್ನ ಶಾಲೆಯ ಎದುರಿನ ಟ್ಯೂಷನ್ನಿನವನು 'ಮೊಳಕೆಯಿಂದ ಮೊಗ್ಗಿಗೆ, ಒಂದೇ ಅವಧಿಯಲ್ಲಿ' ಎಂದು ಬೋರ್ಡು ತಗುಲಿಸಿದ. ಮೊದಲು ಮೂವತ್ತೈದು ತೆಗೆದನೆಂದು ಏಟು ತಿನ್ನುತ್ತಿದ್ದ ಹುಡುಗ ಈಗ ಮೊಳಕೆಯೆಂದು ಏಟು ತಿನ್ನತೊಡಗಿದ. ಏಟಿನ ಲೆಕ್ಕದಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ.

ಈ ಗದ್ದಲದಲ್ಲಿ ನಿಜವಾಗಿ ಅರಳಿದ್ದು ಒಬ್ಬರ ಅದೃಷ್ಟ. ಚಿಹ್ನೆ ಬೇಕೆಂದರೆ ಅದನ್ನು ಬರೆಯುವ ಕೈಯೂ ಬೇಕಲ್ಲ? ದೊಡ್ಡ ಮೇಡಂಗೆ ಮೂಲೆಯ ಕುರ್ಚಿಯ ನೆನಪಾಯಿತು. ಮಾಸ್ಟರು ದಪ್ಪ ರಬ್ಬರನ್ನು ಚೂಪಾದ ಬ್ಲೇಡಿನಿಂದ ಕೆತ್ತಿ ಐದು ಠಸ್ಸೆ ಮಾಡಿಕೊಟ್ಟರು. ಹೂವಿನ ಠಸ್ಸೆಯಂತೂ ನೋಡಬೇಕು: ಐದು ಎಸಳು, ಎಸಳೆಸಳಿಗೂ ಒಂದು ನರ, ಬುಡದಲ್ಲಿ ದಾರದಷ್ಟು ಸಣ್ಣಗೆ ಕೂಡಿಕೊಂಡಿದ್ದವು. ತರಗತಿಯ ಶಿಕ್ಷಕರು ಮಗುವಿನ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಹೂ ಎಂದೋ ಎಲೆ ಎಂದೋ ಬರೆದು ಕಳಿಸುವುದು, ಮಾಸ್ಟರು ಅದರ ಮೇಲೆ ಠಸ್ಸೆ ಒತ್ತುವುದು. ಇಷ್ಟೇ ಏರ್ಪಾಡು.

ಇಷ್ಟಕ್ಕೇ ಮಾಸ್ಟರ ಕುರ್ಚಿ ಫ್ಯಾನಿನ ಕೆಳಗೆ ಬಂತು. ಬೀದಿಯಲ್ಲಿ ಪೋಷಕರು ಸ್ಕೂಟರು ನಿಲ್ಲಿಸಿ ನಮಸ್ಕಾರ ಹಾಕತೊಡಗಿದರು. "ಎಲ್ಲಾ ನಿಮ್ಮ ಕೈಲಿದೆ ಸರ್" ಎಂದರೆ, ತಮ್ಮ ಕೈಲಿರುವುದು ರಬ್ಬರಿನ ತುಂಡು ಮಾತ್ರ ಎಂದು ಮಾಸ್ಟರು ಹೇಳಲಿಲ್ಲ. "ನೋಡೋಣ ನೋಡೋಣ" ಎಂದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ; ಮಾಸ್ಟರು ಕೊಡೆ ಹಿಡಿಯಲಿಲ್ಲ, ಹೆಬ್ಬೆರಳಿಗೆ ಅಂಟಿದ ನೇರಳೆ ಶಾಯಿಯನ್ನು ತೊಳೆದುಕೊಳ್ಳುವುದು ಬಿಟ್ಟರು.

ಎರಡನೇ ಅವಧಿಯ ಹೊತ್ತಿಗೆ ಶಾಲೆಯ ಗುಮಾಸ್ತರಿಗೂ ಸುಧಾರಣೆಯ ಗಾಳಿ ಸೋಕಿತು. ಅವರಿಗೆ ಹೊಸ ಸ್ಟೀಲ್ ಬೀರು ಬಂದಿತ್ತು, ಅಕ್ಷರಕ್ಕೊಂದು ಡ್ರಾಯರು. ತರಗತಿವಾರು ಕಟ್ಟುಗಳನ್ನೆಲ್ಲ ಬಿಚ್ಚಿ, ಇಡೀ ಶಾಲೆಯ ಮಕ್ಕಳ ಕಾರ್ಡುಗಳನ್ನು ಹೆಸರಿನ ಮೊದಲ ಅಕ್ಷರದ ಪ್ರಕಾರ ಅಕಾರದಿಂದ ಹಕಾರದವರೆಗೆ ಜೋಡಿಸಿ, "ಈಗ ಕಣ್ಣು ಮುಚ್ಕೊಂಡು ಯಾರ ಕಾರ್ಡು ಬೇಕಾದ್ರೂ ತೆಗೀತೀನಿ" ಎಂದು ಎಲ್ಲರಿಗೂ ತೆಗೆದು ತೋರಿಸಿದರು. ಮಾಸ್ಟರ ಮೇಜಿನ ಮೇಲೆ ಕಾರ್ಡುಗಳು ಅದೇ ಕ್ರಮದಲ್ಲಿ ಬಂದು ಕೂತವು. ಅಕಾರದಿಂದ ಒತ್ತುತ್ತಾ ಹೋದರು. ಮಕಾರಕ್ಕೆ ಬಂದಾಗ ಹೂವಿನ ಒಂದು ಎಸಳು ಬುಡದಲ್ಲಿ ತುಂಡಾಗಿ ಶಾಯಿಯ ಪ್ಯಾಡಿನಲ್ಲೇ ಉಳಿದುಬಿಟ್ಟಿತು.

ಮಾಸ್ಟರು ಅದನ್ನು ಎತ್ತಿ ನೋಡಿದರು. ಹೊಸದು ಕೆತ್ತಬೇಕೆಂದರೆ ಎರಡು ದಿನದ ಕೆಲಸ, ಕಾರ್ಡುಗಳು ಸಂಜೆಯೊಳಗೆ ಹೋಗಬೇಕು. ಹೂವಂತೂ ಹೂವಿನ ಹಾಗೇ ಕಾಣುತ್ತಿತ್ತು. "ಎಸಳು ಎಣಿಸೋರು ಯಾರು?" ಎಂದುಕೊಂಡು ಹಕಾರದವರೆಗೆ ಒತ್ತಿ ಮುಗಿಸಿದರು.

ಎಣಿಸುವವರು ಇದ್ದರು. ಆಡಿಟರ್ ತಮ್ಮ ಮಗಳ ಹೂವನ್ನು ಪಕ್ಕದ ಮನೆಯ ಹುಡುಗನ ಹೂವಿನ ಪಕ್ಕ ಇಟ್ಟು ನೋಡಿ, ಮಗಳದಕ್ಕೆ ಐದು, ಹುಡುಗನದಕ್ಕೆ ನಾಲ್ಕು ಎಂದು ಸಂತೋಷ ತಡೆಯಲಾರದೆ ಕೂಡಲೇ ಎಲ್ಲರಿಗೂ ತಿಳಿಸಿದರು. ಅಂದಿನಿಂದ ಮನೆಮನೆಯಲ್ಲೂ ಎಸಳಿನ ಎಣಿಕೆ ಶುರುವಾಯಿತು. ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಜನವೋ ಜನ. ನಾಲ್ಕೆಸಳಿನ ಹೂ ಮೊಗ್ಗಿಗಿಂತ ಮೇಲೋ ಕೆಳಗೋ ಎಂಬುದೇ ಜಗಳ. "ಮೊಗ್ಗಿಗಾದ್ರೆ ಇನ್ನೂ ಅರಳೋ ಆಸೆ ಇದೆ. ನಿಮ್ಮುಡುಗ ಅರಳಿಯಾಯ್ತು, ಅರಳಿ ನಾಲ್ಕೇ!" ಎಂದು ಒಬ್ಬಳು ತಾಯಿ ಇನ್ನೊಬ್ಬಳಿಗೆ ಕೈ ತಿರುಗಿಸಿ ಹೇಳಿದಳು. ತರಗತಿ ಶಿಕ್ಷಕರನ್ನು ಕೇಳಿದರೆ, ತಾವು ಹೂ ಎಂದಷ್ಟೇ ಬರೆದದ್ದು, ಎಸಳು ಮೇಲಿನವರ ತೀರ್ಮಾನವಿರಬೇಕು ಎಂದು ಜಾರಿಕೊಂಡರು.

ದೊಡ್ಡ ಮೇಡಂ ಮಾಸ್ಟರನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿಸಿದರು. ಗುಮಾಸ್ತರು ಬರೆದುಕೊಳ್ಳಲು ಕೂತಿದ್ದರು.

"ಮೇಡಂ, ಅದು ಏನಾಯ್ತು ಅಂದ್ರೆ, ಆ ರಬ್ಬರು..." ಎಂದು ಮಾಸ್ಟರು ಶುರು ಮಾಡಿದರು.

"ಏನಾಯ್ತು ಅಂತ ನಾನು ಕೇಳ್ಲಿಲ್ಲ ಮಾಸ್ಟ್ರೆ." ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಸೀಲು ತಪ್ಪು ಅಂತ ಒಪ್ಕೊಂಡ್ರೆ, ನಾಳೆ ಬೀಜನೂ ತಪ್ಪು, ಎಲೆನೂ ತಪ್ಪು, ನಾನೂ ತಪ್ಪು ಅಂತಾರೆ. ಮತ್ತೆ ಅಂಕ ಕೊಡಿ ಅಂತಾರೆ. ನೀವು ಕಲಾವಿದರು. ನಾಲ್ಕೆಸಳಿನ ಹೂ ನೋಡಿದ್ರೆ ನಿಮಗೆ ಏನನ್ಸುತ್ತೆ, ಅದನ್ನ ಹೇಳಿ."

ಕಲಾವಿದರು ಎಂದು ಆ ಶಾಲೆಯಲ್ಲಿ ಯಾರೂ ಅವರನ್ನು ಕರೆದದ್ದಿಲ್ಲ. ಮಾಸ್ಟರ ಬಾಯಿ ಅವರ ಅಪ್ಪಣೆ ಕೇಳದೆ ತೆರೆದುಕೊಂಡಿತು. "ಸ್ವಲ್ಪ ಅವಸರದಲ್ಲಿ ಅರಳಿದ ಹಾಗೆ ಕಾಣುತ್ತೆ, ಮೇಡಂ."

"ಅವಸರದಲ್ಲಿ ಅರಳಿದ ಹೂ!" ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಬರ್ಕೊಳ್ರಿ. ಈ ಮಕ್ಕಳಿಗೆ ಬುದ್ಧಿ ಇದೆ, ಆದ್ರೆ ಅವಸರ. ಅವರ ಮೇಲೆ ಒತ್ತಡ ಹಾಕಬಾರದು. ಲೆಕ್ಕದ ಪೀರಿಯಡ್ಡಲ್ಲಿ ಅವರನ್ನ ಬೇರೆ ಕೊಠಡೀಲಿ ಕೂರಿಸಿ, ಮನಸ್ಸಿಗೆ ಹಿತವಾಗಿರೋದು ಏನಾದ್ರೂ ಕೊಡೋದು. ಏನು ಕೊಡೋಣ? ಚಿತ್ರಕಲೆ! ಆ ಪೀರಿಯಡ್ಡೆಲ್ಲಾ ನೀವೇ ತಗೊಳ್ಳಿ ಮಾಸ್ಟ್ರೆ. ಅಷ್ಟು ಪೀರಿಯಡ್ ಆದ್ಮೇಲೆ ನಿಮ್ಮನ್ನ ಖಾಯಂ ಮಾಡೋಕೆ ಆಡಳಿತ ಮಂಡಳಿಗೆ ನಾನೇ ಬರೀತೀನಿ."

ಮಾಸ್ಟರು ಬಾಯಿ ಮುಚ್ಚಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂಬ ನೆಮ್ಮದಿಯಲ್ಲಿ ಕೋಣೆಯಿಂದ ಹೊರಬಿದ್ದರು. ಚಿನಕುರುಳಿಯ ಶಾಲೆಯ ಹೆಸರು ಶುರುವಾಗುವುದು ಹಕಾರದಿಂದ ಎಂಬುದು ತಲೆಗೆ ಹೊಳೆದದ್ದು ಅಂಗಳದ ನಡುವೆ. ಅಷ್ಟರಲ್ಲಿ ಗುಮಾಸ್ತರು ಸುತ್ತೋಲೆಯ ಪ್ರತಿ ತೆಗೆಯಲು ಓಡುತ್ತಿದ್ದರು. ಆಮೇಲೆ ಹೇಳಿದರಾಯಿತು, ಮೊದಲು ಈ ಗಲಾಟೆ ತಣ್ಣಗಾಗಲಿ ಎಂದು ಮಾಸ್ಟರು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಹೂ ಬಂದ ದಿನ ಅಕ್ಕ ಜಿಪ್ಪು ಹಾಕಿಸಲು ಬಂದವರಿಗೆಲ್ಲ ಕಾರ್ಡು ತೋರಿಸಿದ್ದಳು. ಸುತ್ತೋಲೆ ಓದಿದ ಸಂಜೆ ಮಿಷಿನ್ನಿನ ಮೇಲೆ ಬಟ್ಟೆ ಹಾಗೇ ಬಿದ್ದಿತ್ತು. ಏನಾಗಿದೆಯೆಂದು ತಿಳಿಯದ ಚಿನಕುರುಳಿ ಎಂದಿನಂತೆ, "ಅಮ್ಮಾ, ಇವತ್ತು ಲೆಕ್ಕದ ಸರ್ ಪ್ರಶ್ನೆ ಬರ್ದು ಮುಗಿಸೋಷ್ಟರಲ್ಲಿ ನಾನು ಉತ್ತರ ಹೇಳ್ಬಿಟ್ಟೆ" ಎಂದಳು.

"ಅದೇ ಕಣೇ ನಿನ್ ರೋಗ!" ಅಕ್ಕನ ಧ್ವನಿ ಒಡೆಯಿತು. "ಎಲ್ಲಾದಕ್ಕೂ ಅವಸರ, ಅವಸರ. ಅದಕ್ಕೇ ಒಂದೆಸಳು ಕಮ್ಮಿ ಬಂದಿರೋದು. ಏನೋ, ನೀನಾದ್ರೂ ಹೇಳ್ಬಾರ್ದೇನೋ ಅವಳಿಗೆ? ಶಾಲೆಯಲ್ಲೇ ಇರ್ತೀಯಲ್ಲ."

ಊಟಕ್ಕೆ ಕೂತಿದ್ದ ಮಾಸ್ಟರು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. ಎಸಳು ಮುರಿದದ್ದು ನನ್ನಿಂದ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಜೊತೆಗೇ ಖಾಯಂ ಎನ್ನುವ ಮಾತೂ ಬಂದು ನಿಂತಿತು. ಎರಡಕ್ಕೂ ಒಟ್ಟಿಗೆ ಜಾಗವಿರಲಿಲ್ಲ. "ಸರಿಹೋಗುತ್ತೆ ಬಿಡಕ್ಕ" ಎಂದು ನೀರು ಕುಡಿದರು.

ಹೊಸ ಕೊಠಡಿಗೆ 'ಅರಳು ಕೊಠಡಿ' ಎಂದು ಹೆಸರಿಟ್ಟರು. ಅದು ಮೊನ್ನೆಯವರೆಗೆ ಮುರಿದ ಬೆಂಚುಗಳನ್ನು ಪೇರಿಸಿಡುತ್ತಿದ್ದ ಜಾಗ. ಕಿಟಕಿ ತೆರೆದರೆ ನೀರಿನ ಟ್ಯಾಂಕಿನ ಪಾಚಿಗಟ್ಟಿದ ಬೆನ್ನು. ಲೆಕ್ಕದ ಪೀರಿಯಡ್ಡಿನಲ್ಲಿ ನಾಲ್ಕೆಸಳಿನವರು ಸಾಲಾಗಿ ಅಲ್ಲಿಗೆ ಬರುವರು. ಸುತ್ತೋಲೆಯಲ್ಲಿದ್ದ ಅಪ್ಪಣೆಯಂತೆ ಮಾಸ್ಟರು, "ಅವಸರ ಬೇಡ ಮಕ್ಕಳೇ, ಒತ್ತಡ ಬೇಡ" ಎಂದು ಶುರು ಮಾಡಿ ಬಣ್ಣದ ಡಬ್ಬಿ ಹಂಚುವರು. ಯಾರೂ ಕಸಿದುಕೊಳ್ಳದ ಪೀರಿಯಡ್ಡು, ಕಣ್ಣರಳಿಸಿ ಕೂತ ಮಕ್ಕಳು: ಮಾಸ್ಟರು ಇಷ್ಟು ವರ್ಷ ಕನಸು ಕಂಡದ್ದು ಇದನ್ನೇ. ಅಪ್ಪಟ ಸುಖ ಎನ್ನಬಹುದಿತ್ತು, ಮೂರನೇ ಬೆಂಚಿನಲ್ಲಿ ಸೊಸೆ ಕೂತಿರದಿದ್ದರೆ.

ಮೊದಲ ವಾರ ಚಿನಕುರುಳಿ ಬಣ್ಣ ಹಚ್ಚುವುದು ಬಿಟ್ಟು ಕಿಟಕಿಯ ಸರಳುಗಳನ್ನು, ಹೆಂಚುಗಳನ್ನು ಎಣಿಸಿ ಗುಣಿಸುತ್ತಿದ್ದಳು. ಒಂದು ದಿನ ಕಾರಿಡಾರಿನಲ್ಲಿ ದೊಡ್ಡ ಮೇಡಂ ಚಪ್ಪಲಿಯ ಸದ್ದು ಕೇಳಿ ಮಾಸ್ಟರು ಅವಳ ಬಳಿ ಓಡಿದರು. "ಲೆಕ್ಕ ಬೇಡ ಕಣೆ ಇಲ್ಲಿ. ಸುಮ್ನೆ ಬಣ್ಣ ಹಚ್ಚು. ಮೇಡಂ ನೋಡಿದ್ರೆ ನನ್ನ ಗತಿ ಏನು?" ಎಂದು ಪಿಸುಗುಟ್ಟಿದರು. ಅವಳು ಮಾಮನ ಮುಖ ನೋಡಿ ಹಸಿರು ಬಣ್ಣ ಕೈಗೆತ್ತಿಕೊಂಡಳು. ಎರಡನೇ ತಿಂಗಳಿಗೆ ಅವಳ ಎಲೆಗಳು ಗೆರೆ ದಾಟದಂತೆ ಅಚ್ಚುಕಟ್ಟಾಗಿ ತುಂಬಿರುತ್ತಿದ್ದವು. ಮನೆಯಲ್ಲೂ ಮಾತು ಕಡಿಮೆಯಾಯಿತು. ನೋಡಿದೆಯಾ ಹೇಗೆ ಶಾಂತವಾಗಿದ್ದಾಳೆ ಎಂದು ಅಕ್ಕ ತಮ್ಮನಿಗೆ ಕೃತಜ್ಞತೆ ಹೇಳಿದಳು. ಮಾಸ್ಟರಿಗೆ ಆ ಕೃತಜ್ಞತೆಗಿಂತ ಎರಡು ಬೈಗುಳ ಹಿತವಾಗುತ್ತಿತ್ತು.

ಹೆಸರಿನ ವಿಷಯ ಬಯಲಾದದ್ದು ಆಗಲೇ. ಅರಳು ಕೊಠಡಿಯ ಹಾಜರಿ ಪಟ್ಟಿಯಲ್ಲಿ ಒಂದು ಹೆಸರೂ ಮಕಾರಕ್ಕಿಂತ ಹಿಂದಿನದಿಲ್ಲ ಎಂಬುದನ್ನು ಆಡಿಟರೇ ಕಂಡುಹಿಡಿದರು. ಇನ್ನು ನಿಜ ಹೊರಬಿತ್ತು, ನಾನು ಬಾಯಿ ಬಿಡುವ ಕಷ್ಟವೂ ತಪ್ಪಿತು ಎಂದು ಮಾಸ್ಟರು ಎದೆ ಹಿಡಿದುಕೊಂಡು ಕಾದರು. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರದು. ಹೆಸರು ಕೊನೆಯಲ್ಲಿರುವ ಮಕ್ಕಳು ಹಾಜರಿಗೆ, ಊಟದ ಸಾಲಿಗೆ, ಬಹುಮಾನಕ್ಕೆ, ಎಲ್ಲಕ್ಕೂ ಕಾದು ಕಾದು ಸಹನೆ ಕಳೆದುಕೊಂಡು ಅವಸರದ ಸ್ವಭಾವದವರಾಗುತ್ತಾರೆ, ಇದು ಸಂಶೋಧನೆಗೆ ಯೋಗ್ಯ ಎಂದು ಆಡಿಟರು ಸಾರಿದರು. ದೊಡ್ಡ ಮೇಡಂ ಅದನ್ನು ಮುಂದಿನ ಶಿಬಿರದಲ್ಲಿ ಓದುವುದಾಗಿ ಹೇಳಿದರು. ಪೋಷಕರು ಅಷ್ಟೆಲ್ಲ ಕಾಯಲಿಲ್ಲ. ಮಕ್ಕಳ ಹೆಸರಿನ ಮೊದಲಿಗೆ ಒಂದು ಅಕಾರ ಸೇರಿಸಿಕೊಡಿ ಎಂದು ಅರ್ಜಿ ಹಿಡಿದು ಬಂದರು. ಗುಮಾಸ್ತರ ಬೀರುವಿನಲ್ಲಿ ಅಕಾರದ ಡ್ರಾಯರು ಮುಚ್ಚದಾಯಿತು, ಹಕಾರದ್ದರಲ್ಲಿ ಅವರು ತಮ್ಮ ಊಟದ ಡಬ್ಬಿ ಇಡತೊಡಗಿದರು. ಸೀಲು ಸವೆದಿರಬಹುದು ಎಂದು ಒಬ್ಬನ ಬಾಯಿಂದಲೂ ಬರಲಿಲ್ಲ.

ಮೂರನೇ ಅವಧಿಯ ಪರೀಕ್ಷೆಯಲ್ಲಿ ನಾಲ್ಕೆಸಳಿನವರು ಲೆಕ್ಕದಲ್ಲಿ ಮುಗ್ಗರಿಸಿದರು. ಪಾಠ ಕೇಳದ ಲೆಕ್ಕ ಬರುವುದಾದರೂ ಹೇಗೆ? ಅದನ್ನು ಯಾರೂ ಕೇಳಲಿಲ್ಲ. "ನೋಡಿದ್ರಾ? ಸೀಲು ಸುಳ್ಳು ಹೇಳಲ್ಲ" ಎಂದು ಲೆಕ್ಕದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಮಾಸ್ಟರ ಬೆನ್ನು ತಟ್ಟಿದರು. ದೊಡ್ಡ ಮೇಡಂ ನಾಲ್ಕೆಸಳಿನದೇ ಒಂದು ಬೇರೆ ಠಸ್ಸೆಯನ್ನು ಚೆನ್ನಾಗಿ ಕೆತ್ತಿಕೊಡಲು ಹೇಳಿದರು. ಖಾಯಂ ಆದೇಶವೂ ಅದೇ ದಿನ ಕೈಗೆ ಬಂತು.

ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ಮಾಸ್ಟರು ಮನೆಗೆ ಬಂದರೆ, ಹೊಲಿಗೆ ಮಿಷಿನ್ನಿನ ಮುಂದೆ ಚಿನಕುರುಳಿ ಕೂತಿದ್ದಳು. ಪಾದ ಪೆಡಲಿಗೆ ಎಟುಕುತ್ತಿರಲಿಲ್ಲ. ಅಕ್ಕ ಕೆಳಗೆ ಕೂತು ತಾನೇ ಪೆಡಲು ಒತ್ತಿ, ಮಗಳಿಗೆ ಬಟ್ಟೆ ಹಿಡಿಯುವುದನ್ನು ಕಲಿಸುತ್ತಿದ್ದಳು.

"ಏನಕ್ಕ ಇದು?"

"ಇನ್ನೇನು ಮಾಡ್ಲೋ?" ಅಕ್ಕ ತಲೆಯೆತ್ತಲಿಲ್ಲ. "ಲೆಕ್ಕ ಅವಳ ಕೈಲಾಗಲ್ಲ ಅಂತ ಕಾರ್ಡಲ್ಲೇ ಬಂತಲ್ಲ. ನಾಳೆ ಯಾರ ಮುಂದೂ ಕೈ ಚಾಚೋ ಹಾಗಾಗ್ಬಾರ್ದು. ಒಂದು ಕಸುಬು ಅಂತ ಇರ್ಲಿ."

ಈ ಒಂದು ದಿನ ಬರಬಾರದೆಂದು ಅಕ್ಕ ಬೆನ್ನು ಬಾಗಿಸಿದ್ದಳು. ಅದನ್ನು ತಂದವರು ತಾವು, ಒಂದು ರಬ್ಬರಿನ ಚೂರನ್ನು ಮರೆಮಾಚಿ. ಮಾಸ್ಟರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಅವಧಿಯ ಕೊನೆಯ ಪೋಷಕರ ಸಭೆಯಲ್ಲಿ, ದೊಡ್ಡ ಮೇಡಂ ಭಾಷಣ ಮುಗಿಸುವ ಮುನ್ನವೇ ಮಾಸ್ಟರು ಎದ್ದು ನಿಂತರು. ಜೇಬಿನಿಂದ ಮುರಿದ ಠಸ್ಸೆ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನಾಲ್ಕೆಸಳು ಅಂತ ಯಾವುದೂ ಇಲ್ಲ. ಸೀಲು ಮುರಿದಿತ್ತು. ಕಾರ್ಡುಗಳನ್ನ ಅಕ್ಷರದ ಪ್ರಕಾರ ಜೋಡಿಸಿದ್ರು, ಮಕಾರಕ್ಕೆ ಬಂದಾಗ ಮುರೀತು, ಆಮೇಲಿನ ಮಕ್ಕಳಿಗೆಲ್ಲ ಮುರಿದದ್ರಲ್ಲೇ ಒತ್ತಿದೆ. ತಪ್ಪು ನಂದು. ಮಕ್ಕಳದ್ದೇನೂ ಇಲ್ಲ. ಅವರನ್ನ ಲೆಕ್ಕದ ಕ್ಲಾಸಿಗೆ ವಾಪಸ್ ಕಳಿಸಿ."

ಕೆಲಸ ಹೋಯಿತೆಂದು ಮಾಸ್ಟರು ಕಣ್ಣು ಮುಚ್ಚಿದರು. ಆಡಿಟರು ಎದ್ದು, "ಸರ್, ಸೀಲು ಸುಮ್ನೆ ಮುರಿದಿದ್ರೆ ಪರೀಕ್ಷೆ ಫಲಿತಾಂಶ ಅದಕ್ಕೆ ಸರಿಯಾಗಿ ಹೇಗೆ ಹೊಂದುತ್ತೆ?" ಎಂದರು. ಎಲ್ಲರೂ ಹೌದೌದೆಂದರು. ಐದೆಸಳಿನವರ ಪೋಷಕರು ಹಾಗೆನ್ನುವುದು ಸಹಜ. ನಾಲ್ಕೆಸಳಿನವರ ಪೋಷಕರೂ ಎಂದರು. ಅಕಾರ ಸೇರಿಸಿ ಹೆಸರು ಬದಲಾಯಿಸಿಕೊಂಡಿದ್ದವರು ಎಲ್ಲರಿಗಿಂತ ಜೋರಾಗಿ ಎಂದರು. ಮಗುವಿಗೆ ಏನೋ ಕೊರತೆಯಿದೆ ಎಂದು ನಂಬಿ ಅತ್ತು, ಹೊಡೆದು, ಸಮಾಧಾನ ಮಾಡಿಕೊಂಡು ಆಗಿದೆ. ಈಗ ಅದೆಲ್ಲ ರಬ್ಬರಿನ ದೋಷ ಎಂದರೆ ಹೊಡೆದ ಕೈಯನ್ನು ಎಲ್ಲಿಡುವುದು?

ದೊಡ್ಡ ಮೇಡಂ ನಗುತ್ತಲೇ ಮೈಕಿನ ಮುಂದೆ ಬಂದರು. "ನಮ್ಮ ಮಾಸ್ಟ್ರದು ದೊಡ್ಡ ಮನಸ್ಸು. ಮಕ್ಕಳ ನೋವನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದಾರೆ. ಕಲಾವಿದನ ಮನಸ್ಸಿಗೆ ತಿಳೀದೆ ಇರೋದು ಅವನ ಕೈಗೆ ತಿಳಿದಿರುತ್ತೆ. ಆ ಎಸಳು ಎಲ್ಲಿ ಮುರೀಬೇಕಿತ್ತೋ ಅಲ್ಲೇ ಮುರೀತು."

ಚಪ್ಪಾಳೆ ಬಿತ್ತು. ಯಾರೂ ಮಾಸ್ಟರನ್ನು ಕೆಲಸದಿಂದ ತೆಗೆಯಲಿಲ್ಲ, ಗದರಲೂ ಇಲ್ಲ. ಇಷ್ಟು ತಿಂಗಳು ಯಾವ ಮಾತಾಡಿದರೆ ಅನ್ನಕ್ಕೆ ಕುತ್ತು ಎಂದು ಹೆದರಿದ್ದರೋ, ಆ ಮಾತಿಗೆ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಮೊದಲ ದಿನ, ಗೇಟಿನ ಮುಂದೆ, ಯಾರೂ ಇನ್ನೂ ಏನನ್ನೂ ನಂಬದಿದ್ದಾಗ ಆ ಮಾತಿಗೆ ಬೆಲೆಯಿತ್ತು. ಆಗ ಅವರು ಸುಮ್ಮನಿದ್ದರು.

ದಾರಿಯಲ್ಲಿ ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡು, "ಅವಳಿಗೋಸ್ಕರ ಅಷ್ಟು ಜನರ ಮುಂದೆ ಸುಳ್ಳು ಹೇಳಿದ್ಯಲ್ಲೋ. ಖಾಯಂ ಆದ ಕೆಲಸ ಹೋಗಿದ್ರೆ?" ಎಂದಳು.

"ಸುಳ್ಳಲ್ಲಕ್ಕ. ನಿನ್ನಾಣೆಗೂ ಸುಳ್ಳಲ್ಲ."

"ಆಯ್ತು ಬಿಡು" ಎಂದು ಅವಳು ತಮ್ಮನ ತೋಳು ಸವರಿದಳು, ಚಿಕ್ಕಂದಿನಲ್ಲಿ ಅವನು ಹಟ ಮಾಡಿದಾಗ ಸವರುತ್ತಿದ್ದ ಹಾಗೆ.

ಮನೆಯಲ್ಲಿ ಚಿನಕುರುಳಿ ಯಾರದೋ ಶರ್ಟುಗಳ ರಾಶಿ ಮುಂದಿಟ್ಟುಕೊಂಡು ಗುಂಡಿ ಹಾಕುತ್ತಿದ್ದಳು. ಮಾಸ್ಟರು ಚಪ್ಪಲಿಯನ್ನೂ ಬಿಡದೆ ಅವಳೆದುರು ಕುಕ್ಕರುಗಾಲಲ್ಲಿ ಕೂತರು.

"ಒಂದು ಶರ್ಟಿಗೆ ಏಳು ಗುಂಡಿ. ಹನ್ನೆರಡು ಶರ್ಟಿಗೆ ಎಷ್ಟೇ? ಬೇಗ ಹೇಳು ನೋಡೋಣ."

"ನಂಗೆ ಬರಲ್ಲ ಮಾಮ."

"ಬರುತ್ತೆ ಕಣೆ. ನಿಂಗೆ ಬರುತ್ತೆ."

"ಅದು ಐದೆಸಳಿನವರ ಲೆಕ್ಕ." ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಮುಖದಲ್ಲಿ ಬೇಸರವೂ ಇರಲಿಲ್ಲ.

"ಎಸಳು ಮುರಿದುಹೋಗಿತ್ತು ಪುಟ್ಟಾ!" ಮಾಸ್ಟರು ಅವಳ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಿನಲ್ಲಿ ನೀರು ತುಂಬಿತ್ತು. "ನನ್ನ ಸೀಲು ಮುರಿದಿತ್ತು. ನಿಂದು ಐದೆಸಳೇ. ಮೊದಲಿಂದಲೂ ಐದೇ."

ಚಿನಕುರುಳಿ ಮಾಮನ ಮುಖವನ್ನೇ ನೋಡಿದಳು. ಅವರ ಮಾತನ್ನು ಅವಳು ನಿಜಕ್ಕೂ ಯೋಚಿಸಿ ನೋಡಿದಳು; ಅಷ್ಟು ಹೊತ್ತು ಹಳೆಯ ಚುರುಕು ಅವಳ ಕಣ್ಣಿಗೆ ಮರಳಿತ್ತು. ಆಮೇಲೆ ತಲೆಯಾಡಿಸಿದಳು.

"ಮುರಿದಿದ್ರೆ ನೀನು ಅವತ್ತೇ ಹೇಳ್ತಿದ್ದೆ ಮಾಮ. ಅಮ್ಮ ನಂಗೆ ಬೈದ್ಲಲ್ಲ, ಆಗ ನೀನು ಅಲ್ಲೇ ಇದ್ದೆ."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು, ದಾರ ಪೋಣಿಸಿಕೊಡೆಂದು ಸೂಜಿಯನ್ನು ಅವರ ಮುಂದೆ ಹಿಡಿದಳು. ಅವರು ಪೋಣಿಸಿಕೊಟ್ಟರು.